ಮೈಸೂರು ರಾಕೆಟ್: ಹೊಗಳಿಕೆ ಎಷ್ಟು, ಕಬ್ಬಿಣ ಎಷ್ಟು

ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ ಹೈದರಾಲಿ ಮತ್ತು ಟಿಪ್ಪು ಸುಲ್ತಾನರ ಸೈನ್ಯ ಬಳಸಿದ ಕಬ್ಬಿಣದ ಕೊಳವೆಯ ಯುದ್ಧಬಾಣಕ್ಕೆ ಇಂದು ಮೈಸೂರು ರಾಕೆಟ್ ಎಂಬ ಹೆಸರು ನಿಂತಿದೆ. ಅದು ನಿಜಕ್ಕೂ ಎಷ್ಟು ಮುಂದುವರಿದ ಆಯುಧವಾಗಿತ್ತು ಎಂಬ ವಾದ ಅದು ಹಾರುತ್ತಿದ್ದ ಕಾಲದಲ್ಲೇ ಶುರುವಾದದ್ದು, ಇನ್ನೂ ಮುಗಿದಿಲ್ಲ. ಕುದುರೆಗಳನ್ನು ಬೆದರಿಸುವ ದೊಡ್ಡ ಬಿರುಸು, ಅದಕ್ಕಿಂತ ಹೆಚ್ಚೇನಲ್ಲ ಎಂದು ಕೆಲವರು ತಳ್ಳಿಹಾಕಿದರೆ, ಇಂದಿನ ಕ್ಷಿಪಣಿಗಳಿಗೆಲ್ಲ ಅದೇ ಮೂಲ ಎಂದು ಮತ್ತೆ ಕೆಲವರು ತಲೆಯ ಮೇಲೆ ಹೊತ್ತರು. ಎರಡೂ ಕಡೆಯವರು ಕಾಗದದ ಮೇಲಿನ ಮಾತನ್ನು ನೆಚ್ಚಿಕೊಂಡಷ್ಟು ಕಬ್ಬಿಣದ ಕೊಳವೆಯನ್ನು ಕೈಗೆತ್ತಿಕೊಂಡು ನೋಡಲಿಲ್ಲ.

ಬಾಣ ಮೈಸೂರಿನಲ್ಲಿ ಹುಟ್ಟಿದ್ದಲ್ಲ. ಮದ್ದು ತುಂಬಿದ ಕೊಳವೆಗೆ ಬಿದಿರ ಕೋಲು ಕಟ್ಟಿ ಹಾರಿಸುವ ವಿದ್ಯೆ ಚೀನಾದಿಂದ ಹರಡಿ, ಭಾರತದ ಸೈನ್ಯಗಳಿಗೆ ಹೈದರಾಲಿಗಿಂತ ಬಹಳ ಹಿಂದೆಯೇ ಪರಿಚಯವಾಗಿತ್ತು. ಮೊಗಲರ ದಂಡಿನಲ್ಲೂ ಮರಾಠರ ದಂಡಿನಲ್ಲೂ ಬಾಣದವರು ಇದ್ದರು. ಹೈದರಾಲಿಯ ತಂದೆ ಫತೇ ಮಹಮ್ಮದ್ ಆರ್ಕಾಟ್ ನವಾಬನ ಸೇವೆಯಲ್ಲಿ 50 ಮಂದಿ ಬಾಣದವರ ತುಕಡಿಗೆ ಮುಖ್ಯಸ್ಥನಾಗಿದ್ದನೆಂದು ಹೇಳುತ್ತಾರೆ. ಹಾಗಾಗಿ ಮೈಸೂರಿನ ಪಾಲು ಯಾವುದು ಎಂದು ಕೇಳುವಾಗ ರಾಕೆಟ್ಟಿನ ಆವಿಷ್ಕಾರವನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ. ಹಳೆಯ ಆಯುಧದಲ್ಲಿ ಏನು ಬದಲಾಯಿತು ಎಂಬುದೇ ಪ್ರಶ್ನೆ.

ಬದಲಾದದ್ದು ಮುಖ್ಯವಾಗಿ ಕೊಳವೆ. ಯುರೋಪಿನಲ್ಲಿ ಆಗ ತಯಾರಾಗುತ್ತಿದ್ದ ಬಾಣಗಳಿಗೆ ಪದರಪದರವಾಗಿ ಸುತ್ತಿದ ದಪ್ಪ ಕಾಗದದ ಕೊಳವೆ ಇರುತ್ತಿತ್ತು. ಮೈಸೂರಿನವರು ಮೆದು ಕಬ್ಬಿಣವನ್ನು ಬಡಿದು ಕೊಳವೆ ಮಾಡಿದರು. ಮದ್ದು ಉರಿದಾಗ ಒಳಗೆ ಹುಟ್ಟುವ ಒತ್ತಡಕ್ಕೆ ಕಾಗದ ಬೇಗ ಸೋಲುತ್ತದೆ, ಕಬ್ಬಿಣ ತಡೆಯುತ್ತದೆ. ಒತ್ತಡ ತಡೆಯುವ ಕೊಳವೆಯಲ್ಲಿ ಮದ್ದನ್ನು ಇನ್ನಷ್ಟು ಗಟ್ಟಿಯಾಗಿ ಜಡಿಯಬಹುದು, ಅನಿಲ ಹಿಂಬದಿಯ ಕಿಂಡಿಯಿಂದ ಇನ್ನಷ್ಟು ಬಿರುಸಾಗಿ ಹೊರಬೀಳುತ್ತದೆ, ಬಾಣ ಇನ್ನಷ್ಟು ದೂರ ಹೋಗುತ್ತದೆ. ಸುಮಾರು ಅರ್ಧ ಕಿಲೋ ಮದ್ದಿನ ಬಾಣ 1000 ಗಜದ ಆಸುಪಾಸು, ಅಂದರೆ 900 ಮೀಟರಿನಷ್ಟು ದೂರ ಹೋಗುತ್ತಿತ್ತು ಎಂಬುದು ಹಲವು ಮೂಲಗಳು ಒಪ್ಪುವ ಅಂದಾಜು. ಜನಪ್ರಿಯ ಬರಹಗಳಲ್ಲಿ ಈ ದೂರ 2 ಕಿಲೋಮೀಟರನ್ನು ದಾಟುವುದೂ ಉಂಟು. ಗಾಳಿ, ಕೋನ, ಮದ್ದಿನ ತೇವ ಎಲ್ಲವೂ ಅನುಕೂಲವಾಗಿದ್ದ ದಿನ ದೊಡ್ಡ ಬಾಣವೊಂದು ಅಷ್ಟು ದೂರ ಹೋಗಿರಬಹುದು. ಸೇನಾಪತಿ ನೆಚ್ಚಿಕೊಳ್ಳಬಹುದಾದ ದೂರ ಅದಲ್ಲ.

ಮೈಸೂರು ಸೀಮೆಯಲ್ಲಿ ಕಬ್ಬಿಣದ ಕೆಲಸ ಹಳೆಯ ಕಸುಬು. ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ಈ ನಾಡಿನಲ್ಲಿ ಸುತ್ತಾಡಿದ ಫ್ರಾನ್ಸಿಸ್ ಬುಕಾನನ್ ಹಳ್ಳಿಹಳ್ಳಿಯ ಕುಲುಮೆಗಳಲ್ಲಿ ಅದಿರು ಕರಗಿಸುವ ಕ್ರಮವನ್ನು ವಿವರವಾಗಿ ಬರೆದಿಟ್ಟಿದ್ದಾನೆ. ಚನ್ನಪಟ್ಟಣದಲ್ಲಿ ವಾದ್ಯಗಳಿಗೆ ಬೇಕಾದ ಉಕ್ಕಿನ ತಂತಿ ಎಳೆಯುತ್ತಿದ್ದುದನ್ನೂ ಅವನು ದಾಖಲಿಸಿದ್ದಾನೆ. ಇಂಥ ಕೈಗಳು ಇದ್ದ ಕಡೆ ಕಬ್ಬಿಣದ ಕೊಳವೆ ಪವಾಡವಲ್ಲ. ಶ್ರೀರಂಗಪಟ್ಟಣ, ಬೆಂಗಳೂರು, ಚಿತ್ರದುರ್ಗ ಮತ್ತು ಬಿದನೂರುಗಳಲ್ಲಿ ತಾರಾಮಂಡಲ ಎಂಬ ಹೆಸರಿನ ಕಾರ್ಖಾನೆಗಳು ಇದ್ದವೆಂದು ಹೇಳಲಾಗುತ್ತದೆ. ಬೆಂಗಳೂರಿನ ಹಳೆಯ ಪೇಟೆಯ ತಾರಾಮಂಡಲಪೇಟೆ ಆ ಹೆಸರನ್ನು ಈಗಲೂ ಉಳಿಸಿಕೊಂಡಿದೆ.

ಎರಡನೆಯ ಬದಲಾವಣೆ ಸಂಘಟನೆಯದು, ಮತ್ತು ಅದರ ಬಗ್ಗೆ ಮಾತು ಕಡಿಮೆ. ಹೈದರಾಲಿಯ ಕಾಲಕ್ಕೆ 1200ರಷ್ಟಿದ್ದ ಬಾಣದವರ ಸಂಖ್ಯೆ ಟಿಪ್ಪುವಿನ ಕಾಲಕ್ಕೆ 5000ದ ಹತ್ತಿರ ಬಂತು. ಕುಶೂನ್ ಎಂದು ಕರೆಯುತ್ತಿದ್ದ ಕಾಲಾಳು ದಳ ಒಂದೊಂದಕ್ಕೂ ಸುಮಾರು 200 ಬಾಣದವರು ಸೇರಿದ್ದರು. ಟಿಪ್ಪುವಿನ ಆಜ್ಞೆಯಂತೆ ಜೈನುಲ್ ಅಬಿದೀನ್ ಶೂಸ್ತರಿ ಬರೆದ 'ಫತ್ಹುಲ್ ಮುಜಾಹಿದೀನ್' ಎಂಬ ಪಾರ್ಸಿ ಸೈನಿಕ ಕೈಪಿಡಿ ಈ ಸೇನಾ ವ್ಯವಸ್ಥೆಯನ್ನು ವಿವರಿಸುತ್ತದೆ. ಬೇರೆಯವರ ದಂಡಿನಲ್ಲಿ ಬಾಣದವರು ಬದಿಯಲ್ಲಿ ಓಡಾಡುವ ಗುಂಪಾಗಿದ್ದರೆ, ಇಲ್ಲಿ ಅವರು ದಳದ ಲೆಕ್ಕದೊಳಗೆ ಬಂದರು. ಕೊಳವೆಯ ವ್ಯಾಸಕ್ಕೂ ಗುರಿಯ ದೂರಕ್ಕೂ ತಕ್ಕಂತೆ ಎಷ್ಟು ಓರೆಯಾಗಿ ಹಿಡಿಯಬೇಕೆಂಬ ತರಬೇತಿ ಅವರಿಗಿತ್ತು. ಹಲವು ಬಾಣಗಳನ್ನು ಒಟ್ಟಿಗೆ ಹಾರಿಸುವ ಬಂಡಿಗಳೂ ಇದ್ದವು. ಗುರಿ ಹಿಡಿಯಲು ಬಾರದ ಆಯುಧ ಗುಂಪಾಗಿ ಹಾರಿದಾಗ ಮಾತ್ರ ಫಲ ಕೊಡುತ್ತದೆ ಎಂಬುದನ್ನು ಮೈಸೂರು ಚೆನ್ನಾಗಿ ಅರಿತಿತ್ತು.

ಆ ಆಯುಧಕ್ಕೆ ಒಪ್ಪುವ ನೆಲ ಯಾವುದು ಎಂಬುದು ತುಂಗಭದ್ರೆಯ ಉತ್ತರಕ್ಕೆ ಬಂದರೆ ತಿಳಿಯುತ್ತದೆ. ಅಣ್ಣಿಗೇರಿ, ನವಲಗುಂದ, ನರಗುಂದಗಳ ಎರೆ ಬಯಲು ಕಣ್ಣು ಹಾಯುವಷ್ಟು ಸಮತಟ್ಟು, ಮರವಿಲ್ಲ, ಮರೆಯಿಲ್ಲ. ಮರಾಠರ ಕುದುರೆ ದಂಡು ಗುಂಪುಗುಂಪಾಗಿ ಸಾಗುತ್ತಿದ್ದುದು ಇಂಥ ಬಯಲಿನಲ್ಲೇ. ಧಾರವಾಡದ ಕೋಟೆ 1778ರಲ್ಲಿ ಹೈದರಾಲಿಯ ವಶವಾಯಿತು. 1785ರಲ್ಲಿ ಟಿಪ್ಪುವಿನ ಸೇನಾಪತಿಗಳು ನರಗುಂದವನ್ನು ಮುತ್ತಿದರು. 1786ರ ಮಳೆಗಾಲದಲ್ಲಿ ಟಿಪ್ಪು ತುಂಬಿದ ತುಂಗಭದ್ರೆಯನ್ನು ದಾಟಿ ಬಂದು ಸವಣೂರಿನ ಬಳಿ ಮರಾಠಾ ಪಾಳೆಯದ ಮೇಲೆ ರಾತ್ರಿ ಎರಗಿದನು. ಎರೆ ಬಯಲಿನಲ್ಲಿ ಕುದುರೆಗಳ ಕಾಲ ನಡುವೆ ಕಿಡಿ ಕಾರುತ್ತ ಪುಟಿಯುವ ಬಾಣಕ್ಕೆ ಇದಕ್ಕಿಂತ ಒಳ್ಳೆಯ ಕಣ ಸಿಗುವುದು ಕಷ್ಟ.

ಅದೇ ಸೀಮೆ ಬಾಣದ ಮಿತಿಯನ್ನೂ ತೋರಿಸುತ್ತದೆ. ಮೂರನೆಯ ಮೈಸೂರು ಯುದ್ಧದಲ್ಲಿ ಪರಶುರಾಮ ಭಾವು ಪಟವರ್ಧನನ ಮರಾಠಾ ಸೈನ್ಯ, ಕ್ಯಾಪ್ಟನ್ ಲಿಟ್ಲನ ಬೊಂಬಾಯಿ ತುಕಡಿಯೊಡನೆ, ಧಾರವಾಡದ ಕೋಟೆಯನ್ನು ಮುತ್ತಿತು. ಒಳಗಿದ್ದವನು ಟಿಪ್ಪುವಿನ ಕಿಲ್ಲೇದಾರ ಬದ್ರುಜ್ಜಮಾನ್ ಖಾನ್. 1790ರಲ್ಲಿ ಹೂಡಿದ ಮುತ್ತಿಗೆ 1791ರ ಏಪ್ರಿಲ್‌ವರೆಗೆ ಎಳೆಯಿತು. ಆ ದಂಡಿನಲ್ಲಿದ್ದ ಎಡ್ವರ್ಡ್ ಮೂರ್ 1794ರಲ್ಲಿ ಅಚ್ಚು ಹಾಕಿಸಿದ ಪುಸ್ತಕ ಈ ಮುತ್ತಿಗೆಗೆ ಮುಖ್ಯ ಆಧಾರ. ತಿಂಗಳುಗಟ್ಟಲೆ ನಡೆದ ಇಂಥ ಹೋರಾಟವನ್ನು ತೀರ್ಮಾನಿಸುವುದು ಕೋಟೆಗೋಡೆ, ತೋಪು, ದಾಸ್ತಾನು ಮತ್ತು ಸಹನೆ. ಮಣ್ಣಿನ ಕೊತ್ತಲಕ್ಕೆ ಬಿರುಕು ಬೀಳಿಸುವ ಶಕ್ತಿ ಅರ್ಧ ಕಿಲೋ ಮದ್ದಿನ ಬಾಣಕ್ಕೆ ಇರಲಿಲ್ಲ.

ರಾಕೆಟ್ಟಿನ ಕೀರ್ತಿ ಹೆಚ್ಚಾಗಿ ನಿಂತಿರುವುದು ಎರಡು ಕಾಳಗಗಳ ಮೇಲೆ. ಮೊದಲನೆಯದು 1780ರ ಸೆಪ್ಟೆಂಬರ್ 10ರಂದು ಕಾಂಚೀಪುರದ ಬಳಿ ನಡೆದ ಪೊಲ್ಲಿಲೂರ್ ಯುದ್ಧ. ಕರ್ನಲ್ ವಿಲಿಯಂ ಬೇಯ್ಲಿಯ ತುಕಡಿಯನ್ನು ಹೈದರ್ ಮತ್ತು ಟಿಪ್ಪು ಸುತ್ತುವರಿದು ಮುಗಿಸಿದರು. ಭಾರತದಲ್ಲಿ ಕಂಪನಿಗೆ ಅದುವರೆಗೆ ಅಷ್ಟು ದೊಡ್ಡ ಸೋಲು ಆಗಿರಲಿಲ್ಲ. ಕಾಳಗದ ನಡುವೆ ಬೇಯ್ಲಿಯ ಮದ್ದಿನ ಬಂಡಿಗಳು ಸಿಡಿದವು. ಆ ಸಿಡಿತ ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯ ಗೋಡೆಚಿತ್ರದಲ್ಲೂ ಎದ್ದು ಕಾಣುತ್ತದೆ. ಸಿಡಿಸಿದ್ದು ರಾಕೆಟ್ಟೇ ಎಂಬುದು ಬಹುಪಾಲು ಜನಪ್ರಿಯ ಇತಿಹಾಸಗಳ ಮಾತು. ತೋಪಿನ ಗುಂಡು ಎಂದು ಹೇಳುವ ವೃತ್ತಾಂತಗಳೂ ಇವೆ. ಬೇಯ್ಲಿ ಸೋತದ್ದಕ್ಕೆ ದೊಡ್ಡ ಕಾರಣ ಇವೆರಡಕ್ಕೂ ಹೊರಗಿದೆ: ಕಾಂಚೀಪುರದಲ್ಲೇ ಇದ್ದ ಹೆಕ್ಟರ್ ಮನ್ರೋನ ಮುಖ್ಯ ಸೈನ್ಯ ಹೊತ್ತಿಗೆ ಸರಿಯಾಗಿ ಬಂದು ಸೇರಲಿಲ್ಲ.

ಎರಡನೆಯದು 1799ರ ಏಪ್ರಿಲ್ 5ರ ರಾತ್ರಿ ಶ್ರೀರಂಗಪಟ್ಟಣದ ಹೊರಗಿನ ಸುಲ್ತಾನ್‌ಪೇಟೆ ಮರದ ತೋಪಿನಲ್ಲಿ ನಡೆದದ್ದು. ಮುಂದೆ ವೆಲಿಂಗ್ಟನ್ ಡ್ಯೂಕ್ ಆದ ಕರ್ನಲ್ ಆರ್ಥರ್ ವೆಲ್ಲೆಸ್ಲಿ ಕತ್ತಲಲ್ಲಿ ತೋಪಿನೊಳಗೆ ನುಗ್ಗಿ, ಬಾಣ ಮತ್ತು ಕೋವಿಗಳ ಹೊಡೆತಕ್ಕೆ ಸಿಕ್ಕಿ ಹಿಮ್ಮೆಟ್ಟಿದನು. ಮುಂದೆ ವಾಟರ್ಲೂ ಗೆದ್ದವನು ಬಾಣಕ್ಕೆ ಹೆದರಿ ಓಡಿದ ಎಂಬ ಕಥೆಗೆ ಇದೇ ಮೂಲ. ಗೊತ್ತಿಲ್ಲದ ನೆಲ, ಅಡ್ಡ ಬಂದ ಕಾಲುವೆಗಳು, ಅಮಾವಾಸ್ಯೆ ಸಮೀಪದ ಕತ್ತಲು ಇವೆಲ್ಲ ಸೇರಿದ ಸೋಲು ಅದು. ಮರುದಿನ ಬೆಳಕಿನಲ್ಲಿ ಅದೇ ತೋಪು ಅವನ ವಶವಾಯಿತು. ಬಾಣದ ನಿಜವಾದ ಬಲ ಇಲ್ಲಿ ಸ್ಪಷ್ಟವಾಗಿಯೇ ಕಾಣುತ್ತದೆ, ದೌರ್ಬಲ್ಯವೂ ಕಾಣುತ್ತದೆ: ರಾತ್ರಿ, ಗೊಂದಲದಲ್ಲಿ, ಗುಂಪಿನ ಮೇಲೆ ಅದು ಭಯಂಕರ, ಹಗಲಿನಲ್ಲಿ, ಹರಡಿ ನಿಂತ ಸಾಲಿನ ಮೇಲೆ ಅಷ್ಟಕ್ಕಷ್ಟೆ.

ಇದೇ ಮಾತನ್ನು ಬ್ರಿಟಿಷ್ ಸೈನ್ಯದ ಮೇಜರ್ ಡೈರಮ್ 1793ರಲ್ಲೇ ಬರೆದಿದ್ದ. ಒಂದು ಅಡಿ ಉದ್ದದ ಕಬ್ಬಿಣದ ಕೊಳವೆ, ಹತ್ತು ಹನ್ನೆರಡು ಅಡಿ ಬಿದಿರು, ಸಾವಿರ ಗಜಕ್ಕೂ ಮೀರಿದ ಹಾರಾಟ, ಕೆಲವು ಗುಂಡಿನಂತೆ ಸಿಡಿಯುವವು, ಕೆಲವು ನೆಲಕ್ಕೆ ಬಡಿದು ಹಾವಿನಂತೆ ಹೊರಳಿ ಪುಟಿಯುವವು ಎಂದು ಅವನು ಬಾಣಗಳನ್ನು ವರ್ಣಿಸುತ್ತಾನೆ. ದೊಡ್ಡ ಗುಂಪಿನಲ್ಲಿ ಸಾಗುವ ದೇಶೀ ಕುದುರೆ ದಂಡಿಗೆ ಇವುಗಳಿಂದ ಬಹಳ ಕಾಟವೆಂದೂ, ತೆಳುವಾಗಿ ಉದ್ದಕ್ಕೆ ನಿಲ್ಲುವ ಬ್ರಿಟಿಷ್ ಸಾಲುಗಳಿಗೆ ಹಾನಿ ಕಡಿಮೆಯೆಂದೂ ಅವನ ತೀರ್ಪು. ಶತ್ರುವಿನ ಬಾಯಲ್ಲಿ ಬಂದದ್ದೆಂದು ಈ ಮಾತನ್ನು ತಳ್ಳಿಹಾಕುವಂತಿಲ್ಲ. ವರ್ಣನೆಯನ್ನು ಮಾತ್ರ ಉದ್ಧರಿಸಿ ತೀರ್ಪನ್ನು ಬಿಟ್ಟುಬಿಡುವ ಅಭ್ಯಾಸ ನಮ್ಮ ಕಡೆ ಬೆಳೆದಿದೆ. ತೀರ್ಪನ್ನು ಮಾತ್ರ ಹಿಡಿದು ವರ್ಣನೆಯನ್ನು ಮರೆಯುವುದು ಆ ಕಡೆಯವರ ಅಭ್ಯಾಸ.

ಸೋತ ರಾಜ್ಯದ ಆಯುಧ ಎಷ್ಟು ಮುಂದುವರಿದಿತ್ತು ಎಂಬ ಪ್ರಶ್ನೆ ಬೇರೆ ಕಡೆಯೂ ಎದ್ದಿದೆ. ಎರಡನೆಯ ಮಹಾಯುದ್ಧದ ಜರ್ಮನಿ ಅಣುಬಾಂಬಿಗೆ ಎಷ್ಟು ಹತ್ತಿರ ಬಂದಿತ್ತು ಎಂಬ ವಾದ ಅದಕ್ಕೆ ಹೆಸರಾದ ಉದಾಹರಣೆ. ಯುರೇನಿಯಂ ವಿದಳನವನ್ನು 1938ರ ಕೊನೆಯಲ್ಲಿ ಕಂಡವರೇ ಬರ್ಲಿನ್ನಿನ ಹಾನ್ ಮತ್ತು ಸ್ಟ್ರಾಸ್‌ಮನ್. ಯೋಜನೆಯ ಮುಂಚೂಣಿಯಲ್ಲಿದ್ದವನು ಹೈಸನ್‌ಬರ್ಗ್. 2005ರಲ್ಲಿ ರೈನರ್ ಕಾರ್ಲ್ಶ್ ಎಂಬ ಇತಿಹಾಸಕಾರ, ಜರ್ಮನಿ 1945ರ ಮಾರ್ಚ್‌ನಲ್ಲಿ ತೂರಿಂಗಿಯಾದಲ್ಲಿ ಚಿಕ್ಕ ಸಾಧನವೊಂದನ್ನು ಸಿಡಿಸಿತ್ತೆಂದು ವಾದಿಸಿದನು. ಆ ಜಾಗದ ಮಣ್ಣಿನ ಪರೀಕ್ಷೆ ಅದಕ್ಕೆ ಪುರಾವೆ ಕೊಡಲಿಲ್ಲ. 1945ರ ಏಪ್ರಿಲ್‌ನಲ್ಲಿ ಮಿತ್ರರಾಷ್ಟ್ರಗಳ ಆಲ್ಸೋಸ್ ತಂಡಕ್ಕೆ ಹೈಗರ್ಲೋಖ್ ಊರಿನ ನೆಲಮಾಳಿಗೆಯಲ್ಲಿ ಸಿಕ್ಕಿದ್ದು 664 ಯುರೇನಿಯಂ ತುಂಡುಗಳನ್ನು ನೇತುಹಾಕಿದ್ದ, ಸರಪಳಿ ಕ್ರಿಯೆಯನ್ನು ಒಮ್ಮೆಯೂ ಉಳಿಸಿಕೊಳ್ಳದ ಪುಟ್ಟ ರಿಯಾಕ್ಟರು. ಇಂಗ್ಲೆಂಡಿನ ಫಾರ್ಮ್ ಹಾಲ್‌ನಲ್ಲಿ ಬಂಧಿತ ವಿಜ್ಞಾನಿಗಳ ಮಾತನ್ನು ಕದ್ದು ಕೇಳಿ ಬರೆದಿಟ್ಟ ದಾಖಲೆಗಳು 1992ರಲ್ಲಿ ಹೊರಬಂದವು. ಹಿರೋಶಿಮಾದ ಸುದ್ದಿ ಅವರನ್ನು ಎಷ್ಟು ಬೆರಗುಗೊಳಿಸಿತೆಂದು ಅವು ತಿಳಿಸಿದವು. ಯುದ್ಧ ಮುಗಿದ ದಿನ ನೆಲದ ಮೇಲೆ ಏನಿತ್ತು ಎಂಬ ಲೆಕ್ಕ ಅಲ್ಲಿ ವಾದಕ್ಕೆ ಗಡಿ ಹಾಕಿತು.

ಮೈಸೂರಿಗೂ ಅದೇ ಅಳತೆ ಹಿಡಿಯಬಹುದು. 1799ರ ಮೇ 2ರಂದು ಕೋಟೆಯೊಳಗಿನ ಬಾಣದ ದಾಸ್ತಾನಿಗೆ ತೋಪಿನ ಗುಂಡು ಬಿದ್ದು ಭಾರಿ ಸ್ಫೋಟವಾಯಿತು. ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಗೆದ್ದವರ ಕೈಗೆ 600 ಹಾರಿಸುವ ಸಾಧನಗಳು, ಬಳಕೆಗೆ ಸಿದ್ಧವಾದ 700 ಬಾಣಗಳು, 9000 ಖಾಲಿ ಕೊಳವೆಗಳು ಸಿಕ್ಕವೆಂಬುದು ಸಾಮಾನ್ಯವಾಗಿ ಉಲ್ಲೇಖವಾಗುವ ಲೆಕ್ಕ. ಈ ಸಂಖ್ಯೆಗಳ ಅರ್ಥ ದೊಡ್ಡದು. ಇದು ಪ್ರಯೋಗದ ಹಂತದಲ್ಲಿದ್ದ ವಸ್ತುವಲ್ಲ. ಅಳತೆಗೆ ಸರಿಯಾಗಿ ಸಾವಿರಗಟ್ಟಲೆ ತಯಾರಾಗುತ್ತಿದ್ದ ಸರಕು. ಜರ್ಮನಿಯ ಬಾಂಬು ಸಿದ್ಧಾಂತದಲ್ಲಿ ಮುಂದಿದ್ದು ತಯಾರಿಕೆಯಲ್ಲಿ ಹಿಂದೆ ಬಿದ್ದಿತ್ತು. ಮೈಸೂರಿನ ಬಾಣದ ಸ್ಥಿತಿ ತಿರುಗಾಮುರುಗಾ: ತಯಾರಿಕೆ ಬಲವಾಗಿತ್ತು, ಸಿದ್ಧಾಂತ ಬೆಳೆದಿರಲಿಲ್ಲ.

ಸಿಕ್ಕ ಬಾಣಗಳಲ್ಲಿ ಕೆಲವು ಲಂಡನ್ ಬಳಿಯ ವುಲ್ವಿಚ್ ಶಸ್ತ್ರಾಗಾರಕ್ಕೆ ಹೋದವು. ಬ್ರಿಟಿಷರು ಈ ಬಾಣದ ಬಗ್ಗೆ ಕುತೂಹಲಗೊಂಡದ್ದು ಅದೇ ಮೊದಲಲ್ಲ; ಥಾಮಸ್ ಡೆಸಾಗುಲಿಯೇ ಎಂಬ ಫಿರಂಗಿ ದಳದ ಅಧಿಕಾರಿ ಭಾರತದ ಬಾಣಗಳ ಸುದ್ದಿ ಕೇಳಿ ವುಲ್ವಿಚ್ಚಿನಲ್ಲೇ ಪ್ರಯೋಗ ಮಾಡಿ ಸೋತಿದ್ದನು. ಗೆದ್ದವನು ವಿಲಿಯಂ ಕಾಂಗ್ರೀವ್. ಲಂಡನ್ನಿನಲ್ಲಿ ದೊರೆತ ದೊಡ್ಡ ಬಾಣಗಳನ್ನು ಕೊಂಡು ಹಾರಿಸಿ ನೋಡಿದಾಗ ಅವು 500-600 ಗಜ ಮಾತ್ರ ಹೋದವು. ಭಾರತದ ಬಾಣ ಅದರ ಇಮ್ಮಡಿ ಹೋಗುತ್ತದೆಂದು ಅವನಿಗೆ ತಿಳಿದಿತ್ತು. ಕಬ್ಬಿಣದ ಕೊಳವೆಗೆ ಬಂದ ಮೇಲೆ ಅವನ ಬಾಣ 3000 ಗಜ ಮುಟ್ಟಿತು. 1806ರಲ್ಲಿ ಬೂಲೋನ್, 1807ರಲ್ಲಿ ಕೋಪನ್‌ಹೇಗನ್, 1813ರಲ್ಲಿ ಲೈಪ್ಜಿಗ್, 1814ರಲ್ಲಿ ಅಮೆರಿಕದ ಬಾಲ್ಟಿಮೋರ್ ಅದರ ಉರಿ ಕಂಡವು. ಬಾಲ್ಟಿಮೋರಿನ ಆ ರಾತ್ರಿಯಿಂದಲೇ ಅಮೆರಿಕದ ರಾಷ್ಟ್ರಗೀತೆಯೊಳಗೆ ರಾಕೆಟ್ ಸೇರಿತು. ಉತ್ಪ್ರೇಕ್ಷೆ ನಮ್ಮ ಸೊತ್ತು ಮಾತ್ರವಲ್ಲ: ಕೋಪನ್‌ಹೇಗನ್ನಿನ ಮೇಲೆ ಹತ್ತಾರು ಸಾವಿರ ರಾಕೆಟ್ ಬಿದ್ದವೆಂದು ಬಹುಕಾಲ ಬರೆಯುತ್ತಿದ್ದರು; ನಿಜಸಂಖ್ಯೆ ಕೆಲವೇ ನೂರು.

ಕಾಂಗ್ರೀವ್ ಮೈಸೂರಿನಿಂದ ಕದ್ದನೇ? ಭಾರತದಲ್ಲಿ ಯುದ್ಧಬಾಣವಿತ್ತೆಂದು ಅವನೇ ಒಪ್ಪಿದ್ದಾನೆ, ಆದರೆ ತನ್ನ ವ್ಯವಸ್ಥೆ ತನ್ನದೇ ಎಂದು ಹಟ ಹಿಡಿದಿದ್ದಾನೆ. 1803ರಲ್ಲಿ ಡಬ್ಲಿನ್ನಿನಲ್ಲಿ ದಂಗೆ ಎದ್ದ ರಾಬರ್ಟ್ ಎಮೆಟನ ಕಡೆಯವರು ಮಾಡಿದ ಬಾಣಗಳಿಂದ ಪ್ರೇರಣೆ ಬಂತೆಂದು ಹೇಳುವವರೂ ಇದ್ದಾರೆ. ಈ ವಾದಕ್ಕೆ ಎಂಜಿನಿಯರನ ಕಣ್ಣಿನಿಂದ ಉತ್ತರ ಹುಡುಕಿದವರು ಬೆಂಗಳೂರಿನ ವಿಜ್ಞಾನಿ ರೊದ್ದಂ ನರಸಿಂಹ. ಅವರು 1985ರಲ್ಲಿ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದಿಂದ ಹೊರತಂದ ಪ್ರಬಂಧ, 1750ರಿಂದ 1850ರವರೆಗಿನ ಮೈಸೂರು ಮತ್ತು ಬ್ರಿಟನ್ನಿನ ರಾಕೆಟ್ಟುಗಳನ್ನು ಎದುರುಬದುರು ಇಟ್ಟು ನೋಡುತ್ತದೆ. ವುಲ್ವಿಚ್ಚಿನ ಸಂಗ್ರಹದಲ್ಲಿ ಉಳಿದ ಎರಡು ಮೈಸೂರು ಬಾಣಗಳ ವಿವರ ಅದರಲ್ಲಿದೆ. ಒಂದರ ಕೊಳವೆ ಸುಮಾರು 10 ಅಂಗುಲ ಉದ್ದ, ಅದನ್ನು ಕಟ್ಟಿದ್ದು ಕತ್ತಿಯ ಅಲಗಿಗೆ. ಇನ್ನೊಂದರದು ಸುಮಾರು 8 ಅಂಗುಲ, ಆರಡಿಗೂ ಉದ್ದದ ಬಿದಿರಿಗೆ ಚರ್ಮದ ಪಟ್ಟಿಯಿಂದ ಬಿಗಿದದ್ದು.

ನರಸಿಂಹರು ಮೈಸೂರಿನ ಕೈಚಳಕವನ್ನು ಮನಸಾರೆ ಮೆಚ್ಚುತ್ತಾರೆ, ಅಲ್ಲಿಗೆ ನಿಲ್ಲುವುದಿಲ್ಲ. ವುಲ್ವಿಚ್ಚಿನಲ್ಲಿ ಬಾಣದ ಹಿಂದೆ ನ್ಯೂಟನ್ನನ ಚಲನ ನಿಯಮಗಳಿದ್ದವು, ಬೆಂಜಮಿನ್ ರಾಬಿನ್ಸ್ 1742ರಲ್ಲಿ ಬರೆದ ಗುಂಡಿನ ವಿಜ್ಞಾನವಿತ್ತು, ಅಳೆದು ಬರೆದು ಮತ್ತೆ ಹಾರಿಸುವ ಶಿಸ್ತು ಇತ್ತು, ಹೊಸದಾಗಿ ಎದ್ದ ಕೈಗಾರಿಕೆ ಇತ್ತು. ವಿಲಿಯಂ ಮೂರ್ ಎಂಬ ಗಣಿತಜ್ಞ ಕೆಲವೇ ವರ್ಷಗಳಲ್ಲಿ ರಾಕೆಟ್ಟಿನ ಚಲನೆಯ ಮೇಲೆ ಗ್ರಂಥವನ್ನೇ ಬರೆದನು. ಟಿಪ್ಪುವಿಗೆ ಹೊಸ ಯಂತ್ರಗಳ ಮೇಲೆ ಅಪಾರ ಆಸಕ್ತಿ ಇತ್ತು. 1788ರಲ್ಲಿ ಪ್ಯಾರಿಸಿಗೆ ಹೋದ ಅವನ ರಾಯಭಾರಿಗಳು ಫ್ರೆಂಚ್ ಕುಶಲಕರ್ಮಿಗಳನ್ನು ಕೇಳಿದ್ದರು. ಆದರೆ ಒಬ್ಬ ದೊರೆಯ ಆಸಕ್ತಿ ಪ್ರಯೋಗಶಾಲೆಯ ಸ್ಥಾನ ತುಂಬಲಾರದು. ಕಾಂಗ್ರೀವ್ ಕದ್ದನೆಂಬ ಆರೋಪಕ್ಕೂ ಸ್ವಂತವಾಗಿ ಕಂಡುಹಿಡಿದನೆಂಬ ಹೆಮ್ಮೆಗೂ ನಡುವೆ ಸತ್ಯವಿದೆ: ಕಬ್ಬಿಣದ ಕೊಳವೆ ಸಾಧ್ಯವೆಂದು ತೋರಿಸಿದ್ದು ಮೈಸೂರು, ಅದನ್ನು ಲೆಕ್ಕಕ್ಕೆ ತಂದು ಹಿಗ್ಗಿಸಿದ್ದು ವುಲ್ವಿಚ್.

ಜನಮನದಲ್ಲಿ ಮಾತ್ರ ಬೇರೆ ಚಿತ್ರ ಉಳಿಯಿತು. ಎ.ಪಿ.ಜೆ. ಅಬ್ದುಲ್ ಕಲಾಂ ಅಮೆರಿಕದ ವಾಲಪ್ಸ್ ಉಡಾವಣಾ ಕೇಂದ್ರದಲ್ಲಿ ಟಿಪ್ಪುವಿನ ಸೈನ್ಯದ ರಾಕೆಟ್ ಯುದ್ಧದ ವರ್ಣಚಿತ್ರ ಕಂಡದ್ದನ್ನು ತಮ್ಮ ಆತ್ಮಕಥೆಯಲ್ಲಿ ಬರೆದ ಮೇಲೆ, ಮೈಸೂರು ರಾಕೆಟ್ ಶಾಲಾ ಭಾಷಣಗಳ ಕಾಯಂ ವಿಷಯವಾಯಿತು. ಟಿಪ್ಪುವಿನ ಹೆಸರು ರಾಜಕೀಯ ಜಗಳವಾದ ಮೇಲೆ ರಾಕೆಟ್ಟನ್ನು ಮೆಚ್ಚುವುದೂ ಅಲ್ಲಗಳೆಯುವುದೂ ಪಕ್ಷದ ಗುರುತಾಗಿ ಹೋಯಿತು. ಕೊಳವೆ ಬಡಿದ ಕಮ್ಮಾರನಿಗೂ ಈ ಜಗಳಕ್ಕೂ ಯಾವ ಸಂಬಂಧವೂ ಇಲ್ಲ.

ಚರ್ಚೆಗೆ ಹೊಸ ಸಾಮಗ್ರಿ ಬಂದದ್ದು ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿನ ನಗರದಿಂದ, ಅಂದರೆ ಹಳೆಯ ಬಿದನೂರಿನಿಂದ. 1763ರಲ್ಲಿ ಕೆಳದಿ ಅರಸರಿಂದ ಹೈದರಾಲಿ ಕಸಿದುಕೊಂಡ ಈ ಪಟ್ಟಣ ಮೈಸೂರಿನ ದೊಡ್ಡ ಶಸ್ತ್ರನೆಲೆಗಳಲ್ಲಿ ಒಂದು. 2002ರಲ್ಲಿ ಅಲ್ಲಿನ ಬಾವಿಯೊಂದರಲ್ಲಿ 160ರಷ್ಟು ತುಕ್ಕು ಹಿಡಿದ ಕಬ್ಬಿಣದ ಕೊಳವೆಗಳು ಸಿಕ್ಕಾಗ ಅವನ್ನು ತೋಪಿನ ಗುಂಡೆಂದು ತಿಳಿದು ಶಿವಮೊಗ್ಗದ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಇಟ್ಟರು. ಅವು ರಾಕೆಟ್ಟುಗಳೆಂದು ಗೊತ್ತಾಗಲು ಹತ್ತು ವರ್ಷಕ್ಕೂ ಹೆಚ್ಚು ಬೇಕಾಯಿತು. 2018ರ ಜುಲೈನಲ್ಲಿ ರಾಜ್ಯ ಪುರಾತತ್ವ ಇಲಾಖೆ ಅಲ್ಲಿ ಅಗೆದಾಗ ಇನ್ನೂ ಸಾವಿರಕ್ಕೂ ಹೆಚ್ಚು ಬಾಣಗಳು ಹೊರಬಂದವು. ಬಾವಿಯ ಕೆಸರಿನಲ್ಲಿ ಆಗಲೂ ಮದ್ದಿನ ವಾಸನೆ ಇತ್ತೆಂದು ವರದಿಯಾಯಿತು.

ಅದೇ ವರದಿಗಳಲ್ಲಿ ಕೊಳವೆಯೊಳಗೆ ಪೆಟ್ಲುಪ್ಪು, ಇದ್ದಿಲು ಮತ್ತು ಮೆಗ್ನೀಸಿಯಂ ಪುಡಿ ಇದ್ದವೆಂಬ ಮಾತು ಜಗತ್ತೆಲ್ಲ ಸುತ್ತಿತು. ಮೆಗ್ನೀಸಿಯಂ ಲೋಹವನ್ನು ಹಂಫ್ರಿ ಡೇವಿ ಮೊದಲ ಬಾರಿಗೆ ಬೇರ್ಪಡಿಸಿದ್ದು 1808ರಲ್ಲಿ, ಟಿಪ್ಪು ಸತ್ತು ಒಂಬತ್ತು ವರ್ಷಗಳ ನಂತರ. ಲೋಹದ ಪುಡಿಯಾಗಿ ಅದು ಮೈಸೂರಿನ ಮದ್ದಿನಲ್ಲಿ ಇರುವುದು ಸಾಧ್ಯವಿಲ್ಲ. ಮಣ್ಣಿನಿಂದಲೋ ನೀರಿನಿಂದಲೋ ಸೇರಿದ ಮೆಗ್ನೀಸಿಯಂ ಲವಣ ಪರೀಕ್ಷೆಯಲ್ಲಿ ಕಂಡಿರುವುದು ಸಾಧ್ಯ. ಮದ್ದಿಗೆ ಬೇಕೇಬೇಕಾದ ಗಂಧಕದ ಹೆಸರು ಆ ಪಟ್ಟಿಯಲ್ಲಿ ಇಲ್ಲದಿರುವುದನ್ನೂ ಯಾರೂ ಕೇಳಲಿಲ್ಲ. ಹೊಗಳುವ ಅವಸರಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಡ.

ಇವೆಲ್ಲವನ್ನು ಒಟ್ಟಿಗೆ ತೂಗಿದರೆ, 1780 ಮತ್ತು 1799ರ ನಡುವೆ ಮೈಸೂರಿನ ಯುದ್ಧರಾಕೆಟ್ಟಿಗೆ ಸರಿಗಟ್ಟುವ ರಾಕೆಟ್ ಯುರೋಪಿನ ಯಾವ ಸೈನ್ಯದಲ್ಲೂ ಇರಲಿಲ್ಲ ಎಂಬುದನ್ನು ಒಪ್ಪಬೇಕಾಗುತ್ತದೆ. ಅದು ಗೆಲುವನ್ನು ನಿರ್ಧರಿಸುವ ಆಯುಧವಾಗಿರಲಿಲ್ಲ ಎಂಬುದನ್ನೂ ಅಷ್ಟೇ ಖಚಿತವಾಗಿ ಒಪ್ಪಬೇಕು. 1792ರಲ್ಲಿ ಅರ್ಧ ರಾಜ್ಯವನ್ನೂ 3 ಕೋಟಿ 30 ಲಕ್ಷ ರೂಪಾಯಿ ದಂಡವನ್ನೂ ಟಿಪ್ಪು ಕೊಡಬೇಕಾದಾಗ ಅವನ ಬಳಿ ಬಾಣದ ದಳಗಳು ಇದ್ದೇ ಇದ್ದವು. ಇನ್ನು ಮುಂದಿನ ಉತ್ತರಗಳನ್ನು ನಗರದ ಬಾವಿಯಲ್ಲಿ ಸಿಕ್ಕ ಕೊಳವೆಗಳಲ್ಲೇ ಹುಡುಕಬೇಕು. ಅವುಗಳ ಕಬ್ಬಿಣದ ಗುಣ, ಬೆಸುಗೆಯ ರೀತಿ, ಕಿಂಡಿಯ ಅಳತೆ, ಕೊಳವೆಯಿಂದ ಕೊಳವೆಗೆ ಇರುವ ವ್ಯತ್ಯಾಸ, ಇವು ಹೇಳುವ ಮಾತು ಯಾವ ಪ್ರವಾಸಿಯ ವೃತ್ತಾಂತಕ್ಕಿಂತಲೂ ನಂಬಲರ್ಹ. ನರಸಿಂಹರ ಕಾಲದಲ್ಲಿ ಅಳೆಯಲು ಇದ್ದದ್ದು ವುಲ್ವಿಚ್ಚಿನ ಎರಡು ಬಾಣ. ಈಗ ಶಿವಮೊಗ್ಗ ಜಿಲ್ಲೆಯೊಂದರಲ್ಲೇ ಸಿಕ್ಕವು ಸಾವಿರಕ್ಕೂ ಹೆಚ್ಚು.